ಬ್ಲೌಸ್ ಹೊಲಿದದ್ದು ಯಾರು ಅಂತ ಕೇಳಿದರು

ಕಳೆದ ಗುರುವಾರ ಮಧ್ಯಾಹ್ನ ನಾನು ನನ್ನದೇ ಬ್ಲೌಸಿನೊಳಗೆ ಸಿಕ್ಕಿಹಾಕಿಕೊಂಡೆ. ಒಂದು ಕೈ ತೋಳಿನೊಳಗೆ, ಇನ್ನೊಂದು ಕೈ ಸೀಲಿಂಗ್ ಕಡೆಗೆ. ಒಳಗೂ ಹೋಗದು, ಹೊರಗೂ ಬಾರದು. ಗಂಡನನ್ನು ಕೂಗೋಣವೆಂದರೆ ಅವರು ಬೇಸ್‌ಮೆಂಟಿನಲ್ಲಿ ಮೀಟಿಂಗಿನಲ್ಲಿದ್ದರು. (ಬಂದಿದ್ದರೂ ಏನು ಮಾಡುತ್ತಿದ್ದರು? ಮೊದಲು ಫೋಟೋ ತೆಗೆಯುತ್ತಿದ್ದರು.)

ಅಷ್ಟರಲ್ಲಿ ಡೋರ್‌ಬೆಲ್!

ಮೇಲೊಂದು ಶಾಲು ಎಳೆದುಕೊಂಡು ಬಾಗಿಲು ತೆರೆದರೆ ಪಕ್ಕದ ಮನೆಯ ಎರ್ಮೀನಿಯಾ. ಇಟಲಿಯವರು, ವಯಸ್ಸು ಎಂಬತ್ತರ ಹತ್ತಿರ. ಫೇರ್‌ಫ್ಯಾಕ್ಸಿನ ನಮ್ಮ ಈ ಹಳೇ ಬೀದಿಗೆ, ಮಗಳ ಮನೆಗೆ ಬಂದು ಒಂದು ವರ್ಷವಾಗಿದೆ. ತಪ್ಪಿ ಅವರ ಮೇಲ್‌ಬಾಕ್ಸಿಗೆ ಬಿದ್ದಿದ್ದ ನಮ್ಮ ಕಾಗದ ಕೊಡಲು ಬಂದಿದ್ದರು. ನನ್ನ ಅವಸ್ಥೆ ನೋಡಿ ನಗಲಿಲ್ಲ. "ಅಲ್ಲಾಡಬೇಡ" ಎಂದರು. ಕೀ ಚೈನಿನಲ್ಲಿದ್ದ ಪುಟ್ಟ ಕತ್ತರಿ ತೆಗೆದು ಕಂಕುಳ ಹತ್ತಿರ ಹೊಲಿಗೆ ಬಿಚ್ಚಿದರು. ನಾನು ಮತ್ತೆ ಎರಡು ಕೈಯವಳಾದೆ.

ನಮ್ಮ ಕಷ್ಟ ನಿಮಗೆ ಗೊತ್ತೇ ಇದೆಯಲ್ಲ? ಅಳತೆ ಬ್ಲೌಸನ್ನು ಊರಿಗೆ ಹೊರಟ ಯಾರದೋ ಸೂಟ್‌ಕೇಸಿಗೆ ತುರುಕಬೇಕು. ಹೊಸದು ಮೈಸೂರಿನಲ್ಲಿ ಹೊಲಿಸಿಕೊಂಡು, ಇನ್ಯಾರದೋ ಸೂಟ್‌ಕೇಸಿನಲ್ಲಿ ಬರುವಷ್ಟರಲ್ಲಿ ನಾವು ಆ ಅಳತೆಯನ್ನು ದಾಟಿ ಮುಂದೆ ಹೋಗಿರುತ್ತೇವೆ. ಅದರಲ್ಲೂ ಎರಡು ವರ್ಷ ಝೂಮಿನಲ್ಲಿ ಹಬ್ಬ ಮಾಡಿ, ಕ್ಯಾಮೆರಾಗೆ ಕಾಣುವಷ್ಟೇ ಅಲಂಕಾರ ಮಾಡಿಕೊಂಡವರು ನಾವು. ಆ ಶನಿವಾರ ನಮ್ಮ ಕನ್ನಡದವರ ಯುಗಾದಿ, ಕಡೆಗೂ ನಿಜವಾದ ಹಾಲ್‌ನಲ್ಲಿ!

ಎರ್ಮೀನಿಯಾ ಬ್ಲೌಸನ್ನು ಒಳಮಗ್ಗುಲಿಗೆ ತಿರುವಿ ನೋಡಿದರು. ಒಳಗೆ ಬಿಟ್ಟಿದ್ದ ಬಟ್ಟೆ, ಸಾಲಾಗಿ ಮೂರು ಹೊಲಿಗೆ.

"ನಿನ್ನ ಟೈಲರ್ ಬುದ್ಧಿವಂತ. ನೀನು ದಪ್ಪ ಆಗ್ತೀಯ ಅಂತ ಅವನಿಗೆ ಮೊದಲೇ ಗೊತ್ತಿತ್ತು" ಎಂದರು.

(ಆ ಮೂರೂ ಹೊಲಿಗೆ ಬಿಚ್ಚಿದರೂ ನಾನು ಹಿಡಿಸುವುದಿಲ್ಲ ಎಂಬುದು ಬೇರೆ ಮಾತು.) ಬ್ಲೌಸನ್ನು ತಮ್ಮ ಮನೆಗೇ ಒಯ್ದರು.

ಶುಕ್ರವಾರ ಟ್ರಯಲ್‌ಗೆ ಹೋದೆ. ಆಗ ಗೊತ್ತಾಯಿತು, ನನ್ನ ಕಂಕುಳಿಗೆ ಪಿನ್ ಹಾಕುತ್ತಿದ್ದವರು ಮಿಲಾನ್‌ನ ಫ್ಯಾಷನ್ ಡಿಸೈನರ್! ಅವರಮ್ಮ ಮನೆಯಲ್ಲೇ ಕೂತು ಕೋಟುಗಳಿಗೆ ಲೈನಿಂಗ್ ಹೊಲಿಯುತ್ತಿದ್ದರಂತೆ. ಹತ್ತನೇ ವಯಸ್ಸಿಗೆ ಇವರ ಕೈಗೂ ಸೂಜಿ ಬಂತು. ಇಪ್ಪತ್ತಕ್ಕೆ ಮಿಲಾನ್‌ನ ಒಂದು ಫ್ಯಾಷನ್ ಹೌಸ್ ಸೇರಿದರು. ಮೂವತ್ತು ವರ್ಷ ಅಲ್ಲಿ ಡಿಸೈನ್ ಬರೆದರು, ಬಟ್ಟೆ ಕತ್ತರಿಸಿದರು, ಮಾಡೆಲ್‌ಗಳ ಮೈಮೇಲೇ ಹೊಲಿದರು. ಅವರ ಗೌನುಗಳು ಮ್ಯಾಗಝೀನ್‌ಗಳ ಮುಖಪುಟಕ್ಕೆ ಬಂದವು. ಲೇಬಲ್ ಮಾತ್ರ ಹೌಸಿನ ಯಜಮಾನಿಯದು. ಶೋ ಮುಗಿದು ಚಪ್ಪಾಳೆ ಬಿದ್ದಾಗ ಸ್ಟೇಜಿಗೆ ಹೋಗಿ ತಲೆ ಬಾಗಿಸುತ್ತಿದ್ದವಳು ಯಜಮಾನಿ. ಎರ್ಮೀನಿಯಾ ಪರದೆಯ ಹಿಂದೆ, ಬಾಯಿ ತುಂಬ ಪಿನ್. ಆಮೇಲೆ ಹೌಸ್ ಮಾರಾಟವಾಯಿತು, ಗಂಡ ತೀರಿಕೊಂಡರು, ಮಗಳು ಇಲ್ಲಿಗೆ ಕರೆಸಿಕೊಂಡಳು.

ಎಷ್ಟು ಕೊಡಲಿ ಎಂದು ಕೇಳಿದೆ. ಅವರಿಗೆ ಕೋಪವೇ ಬಂತು.

"ದುಡ್ಡು ಬೇಡ. ಯಾರಾದರೂ ಇದನ್ನ ಹೊಲಿದದ್ದು ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳು. ಅದೇ ನನ್ನ ಫೀಸ್."

ಅಷ್ಟೇನಾ? ಅದೇನು ಮಹಾ!

ಶನಿವಾರದ ನನ್ನ ವೈಭವವನ್ನು ಹೇಗೆ ಹೇಳಲಿ? ಹುಕ್ ಹಾಕಿಯೂ ಉಸಿರಾಡಬಹುದಿತ್ತು. ಬೆನ್ನ ಮೇಲೆ ಎಲೆಯ ಆಕಾರದ ಕಟ್, ತೋಳಿನ ತುದಿಗೆ ಅವರ ಪೆಟ್ಟಿಗೆಯಿಂದ ಬಂದ ಹಸಿರು ವೆಲ್ವೆಟ್. ಕೈ ಎತ್ತಿದರೂ ಎಲ್ಲೂ ಹಿಡಿಯುತ್ತಿರಲಿಲ್ಲ. ಹಾಗಾಗಿ ಪರಿಚಯವಿಲ್ಲದವರಿಗೂ ಕೈ ಬೀಸಿದೆ. ಬೇವು ಬೆಲ್ಲ ತಿನ್ನುವಾಗಲೂ ಎಲ್ಲರಿಗೂ ಬೆನ್ನು ತೋರಿಸಿಯೇ ನಿಂತೆ.

ನನ್ನ ಗೆಳತಿ ಶೈಲಾ ಹೋಳಿಗೆ ತಟ್ಟೆ ಹಿಡಿದು ಓಡಿ ಬಂದಳು. "ಏನೇ ಇದು, ಸೂಪರ್ ಫಿಟ್ಟಿಂಗ್! ಯಾರೇ ಹೊಲ್ದಿದ್ದು? ಇಲ್ಲೇ ಮಾಡ್ಸಿದ್ಯಾ?"

"ಇಲ್ಲ ಕಣೆ, ಮೈಸೂರಿಂದ ತರಿಸ್ದೆ" ಎಂದೆ.

ಯಾಕೆ ಹಾಗಂದೆ? ಓದುಗ ಸೋದರಿಯರೇ, ಎದೆ ಮುಟ್ಟಿಕೊಂಡು ಹೇಳಿ. ನಾವು ರೆಸಿಪಿ ಕೊಡುತ್ತೇವೆ, ವೀಸಾ ಲಾಯರ್ ನಂಬರ್ ಕೊಡುತ್ತೇವೆ, ಮಗುವಿನ ಮ್ಯಾಥ್ ಟ್ಯೂಟರ್ ಯಾರೆಂದೂ ಅಳೆದು ಸುರಿದು ಹೇಳುತ್ತೇವೆ. ಆದರೆ ಒಳ್ಳೆಯ ಟೈಲರ್ ಹೆಸರು? ಜೀವ ಹೋದರೂ ಇಲ್ಲ! ಶೈಲಾಗೆ ಗೊತ್ತಾದರೆ ಅವಳ ತಂಗಿಗೆ, ತಂಗಿಯಿಂದ ಯೋಗ ಕ್ಲಾಸಿಗೆ. ಆಮೇಲೆ ನನ್ನ ಬ್ಲೌಸಿನ ಗತಿಯೇನು? ಅಂದು ಎಂಟು ಜನ ಕೇಳಿದರು. ಎಂಟು ಸಲವೂ ಮೈಸೂರು ಎಂದೆ. ಎಂಟನೆಯ ಸಲಕ್ಕೆ ನನಗೇ ನಂಬಿಕೆ ಬಂದಿತ್ತು.

ಭಾನುವಾರ ಬೆಳಿಗ್ಗೆ ವಾಕಿಂಗ್ ಹೊರಟರೆ ಎರ್ಮೀನಿಯಾ ಬಾಗಿಲಲ್ಲೇ ನಿಂತಿದ್ದಾರೆ. ತುಟಿಗೆ ಲಿಪ್‌ಸ್ಟಿಕ್, ಕುತ್ತಿಗೆಗೆ ಟೇಪು. ಒಳಗೆ ಮೇಜಿನ ಮೇಲೆ ಹತ್ತು ಹನ್ನೆರಡು ಕಾಫಿ ಕಪ್ಪುಗಳನ್ನು ಜೋಡಿಸಿಟ್ಟಿದ್ದಾರೆ.

"ಯಾರಾದರೂ ಕೇಳಿದರಾ?"

"ಕೇಳಿದ್ರು. ಎಂಟು ಜನ."

ಅವರ ಮುಖ ಅರಳಿತು. "ಏನು ಹೇಳಿದೆ?"

ಸುಳ್ಳು ನಾಲಗೆಯ ತುದಿಯವರೆಗೂ ಬಂತು. ಆ ಕಪ್ಪುಗಳನ್ನು ನೋಡಿ ನುಂಗಿಕೊಂಡೆ. ಮೈಸೂರಿನಿಂದ ತರಿಸಿದ್ದು ಎಂದುಬಿಟ್ಟೆ ಅಂತ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಕುತ್ತಿಗೆಯ ಟೇಪು ತೆಗೆದು ನಿಧಾನವಾಗಿ ಸುತ್ತತೊಡಗಿದರು. "ನಮ್ಮ ಯಜಮಾನಿಗೂ ಮೊದಮೊದಲು ನಾಚಿಕೆ ಆಗ್ತಿತ್ತು. ಆಮೇಲೆ ಎಲ್ಲಾ ತಾನೇ ಮಾಡಿದ್ದು ಅಂತ ಅವಳಿಗೇ ನಂಬಿಕೆ ಬಂತು."

ನನಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋದಂತಾಯಿತು. ಮೂವತ್ತು ವರ್ಷ ಅವಳು ಮಾಡಿದ್ದನ್ನು ನಾನು ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು, ನಮ್ಮ ಲೇಡೀಸ್ ವಾಟ್ಸಾಪ್ ಗ್ರೂಪಿಗೆ ಬ್ಲೌಸಿನ ಫೋಟೋ ಹಾಕಿ ಬರೆದೆ: 'ಇದನ್ನು ಹೊಲಿದವರು ಎರ್ಮೀನಿಯಾ. ಮಿಲಾನ್‌ನ ಡಿಸೈನರ್, ನಮ್ಮ ಪಕ್ಕದ ಮನೆಯವರು. ನಿನ್ನೆ ನಾನು ಹೇಳಿದ್ದು ಸುಳ್ಳು.'

ಶೈಲಾಳ ಉತ್ತರ ಅರೆ ನಿಮಿಷದಲ್ಲಿ ಬಂತು: 'ನಂಗೆ ಆಗ್ಲೇ ಡೌಟ್ ಇತ್ತು. ಬೈಯೋದು ಆಮೇಲೆ, ಮೊದ್ಲು ಅಡ್ರೆಸ್ ಕಳ್ಸು.'

ಮಧ್ಯಾಹ್ನಕ್ಕೆ ನಮ್ಮ ಬೀದಿಯಲ್ಲಿ ಪಾರ್ಕಿಂಗ್ ಇಲ್ಲ! ಕೈಚೀಲದಲ್ಲಿ ಬ್ಲೌಸ್ ತುಂಬಿಕೊಂಡು ಹೆಂಗಸರು ಬರುತ್ತಲೇ ಇದ್ದರು. ಎರ್ಮೀನಿಯಾ ಪ್ರತಿಯೊಬ್ಬರಿಗೂ ಮೊದಲು ತಮ್ಮ ಹೆಸರು ಹೇಳಿಕೊಟ್ಟು, ಅವರು ಅದನ್ನು ಸರಿಯಾಗಿ ಅಂದ ಮೇಲೆಯೇ ಅಳತೆಗೆ ಟೇಪು ಹಿಡಿಯುತ್ತಿದ್ದರು. ನಾನೂ ಎರಡು ಬ್ಲೌಸ್ ಹಿಡಿದು ಹನ್ನೊಂದು ಜನರ ಹಿಂದೆ ನಿಂತೆ. ಕೊನೆಗೂ ನನ್ನ ಸರದಿ ಬಂತು. ಅವರು ಕನ್ನಡಕದ ಮೇಲಿನಿಂದ, ಎಂದೂ ಕಂಡೇ ಇಲ್ಲದವಳನ್ನು ನೋಡುವಂತೆ ನನ್ನನ್ನು ನೋಡಿ ಕೇಳಿದರು:

"ನನ್ನ ಹೆಸರು ನಿನಗೆ ಯಾರು ಹೇಳಿದರು?"