ಫಕೀರಪ್ಪ ಮಿಸ್ತ್ರಿಯ ಆರು ಚಿಂದಿ

ಇಂಜಿನ್ನಿನೊಳಗೆ ಕೈ ಹಾಕಿದಾಗ ಫಕೀರಪ್ಪ ಮಿಸ್ತ್ರಿ ಇಂಜಿನ್ನಿನ ಕಡೆ ನೋಡುತ್ತಿರಲಿಲ್ಲ. ಯಾರೋ ಕರೆದವರಂತೆ ಮುಖ ಹೊರಳಿಸಿ ದೂರ ದಿಟ್ಟಿಸುತ್ತಿದ್ದರು. ಲೋಕಲ್ ರೈಲು ಓಡುವ ಹಳಿಯನ್ನು ನೋಡುತ್ತಿದ್ದರು ಎಂದು ಬರೆಯಲು ಕೈ ಹೋಗುತ್ತದೆ. ಭಾಂಡುಪಿನ ಆ ಗ್ಯಾರೇಜಿನಿಂದ ಹಳಿ ಕಾಣುತ್ತಿತ್ತೇ? ಖಾತ್ರಿಯಿಲ್ಲ. ಮುಖ ಹೊರಳಿದ್ದು ಮಾತ್ರ ಖಾತ್ರಿ.

"ಕಣ್ಣ ಸುಳ್ಳ ಹೇಳ್ತಾವ ರಾಯರ. ಬೆರಳಿಗೆ ಆ ಬುದ್ಧಿ ಇಲ್ಲ," ಎನ್ನುತ್ತಿದ್ದರು.

ಅವರು ಬೈಲಹೊಂಗಲದ ಕಡೆಯವರು. ನಾನು ಧಾರವಾಡದವನು, ಗ್ರಾಂಟ್ ರೋಡಿನ ಸಾಗಣೆ ಕಂಪನಿಯೊಂದರಲ್ಲಿ ಗುಮಾಸ್ತ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಪೆಟ್ರೋಲ್ ಲಾರಿಗಳು ನಮ್ಮಲ್ಲಿದ್ದವು. ಗಾಳಿ, ಪೆಟ್ರೋಲು ಬೆರೆತು ಇಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಮಸಿ ಗಟ್ಟಿಯಾಗಿ ಕೂತು, ಘಾಟಿನ ಏರು ಬಂತೆಂದರೆ ಅವು ಏದುಸಿರು ಬಿಡುತ್ತಿದ್ದವು. ಆಗ ಲಾರಿಯನ್ನು ಭಾಂಡುಪಿಗೆ ಕಳಿಸುವುದು, ಅವಸರಪಡಿಸಲು ಹಿಂದೆಯೇ ನನ್ನನ್ನೂ ಕಳಿಸುವುದು. ನಾನೋ ನಿಂತಲ್ಲಿ ನಿಲ್ಲದವನು. ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ.

"ಕುಂದರ್ರಿ ರಾಯರ. ನೀವು ತಿರುಗಿದ್ರ ಲಾರಿ ತಿರುಗೂದಿಲ್ಲ."

ಕೊಳವೆ ಬಿಚ್ಚಿದರೆ ಇಂಜಿನ್ನಿನ ಪಕ್ಕೆಯಲ್ಲಿ ಆರು ತೂತು. ಕೆರೆದ ಮಸಿ ಒಳಗೆ ಬೀಳದಿರಲೆಂದು ಒಂದೊಂದಕ್ಕೂ ಹಳೆಯ ಇಳಕಲ್ ಸೀರೆಯ ಚಿಂದಿ ತುರುಕುವರು. ಕೆರೆಯುವುದು ಬಿದಿರಿನ ಸೀಳಿನಿಂದ, ಕಬ್ಬಿಣ ಮುಟ್ಟಿಸರು. ಕೊನೆಗೆ ಚಿಂದಿಗಳನ್ನು ಎಳೆದು ತಗಡಿನ ಮೇಲೆ ಹಾಕುತ್ತ, ಕಣದಲ್ಲಿ ಜೋಳ ಅಳೆಯುವಂತೆ ಎಣಿಸುವರು: "ಲಾಭ, ಎರಡ, ಮೂರ, ನಾಕ, ಐದ, ಆರ." ಒಂದು ಎನ್ನಬೇಕಾದಲ್ಲಿ ಲಾಭ. ಕೊಳವೆ ಕೂರಿಸುವ ಮುನ್ನ ಇನ್ನೊಮ್ಮೆ ಎಣಿಕೆ. ಚಿಂದಿ ಒಳಗುಳಿದ ಲಾರಿ ಘಾಟಿನ ನಡುವೆ ನಿಂತರೆ ಡ್ರೈವರನ ಗತಿಯೇನು?

ಒಂದು ದಿನ ಮೊದಲ ಎಣಿಕೆಗೆ ಆರು ಬಂತು, ಎರಡನೆಯದಕ್ಕೆ ಐದು.

ಲಾರಿಯ ಕೆಳಗೆ, ಡಬ್ಬಿಗಳ ಹಿಂದೆ ಹುಡುಕಿದರು. "ರಾಯರ, ನೀವು ಕಂಡ್ರೇನು?" ಎಂದು ಕೇಳಿದರು. ಇಲ್ಲವೆಂದೆ. "ಮಿಸ್ತ್ರಿ, ಪಾನ್ ಸಮಝ್ ಕೆ ಖಾ ಗಯಾ ಕ್ಯಾ?" ಪಾನೆಂದು ತಿಳಿದು ನುಂಗಿಬಿಟ್ಟೆಯಾ ಎಂದು ಫಿಟ್ಟರನೊಬ್ಬ ಚುಡಾಯಿಸಿದ. ಮಿಸ್ತ್ರಿಯ ಬಾಯಲ್ಲಿ ಸದಾ ಎಲೆ ಅಡಿಕೆ. ಮೊದಲ ಎಣಿಕೆಯೇ ತಪ್ಪಿ, ಒಂದು ಚಿಂದಿ ತುರುಕುವಾಗ ವಾಲ್ವ್ ದಾಟಿ ಒಳಗೆ ಜಾರಿರಬಹುದೆಂದು ಇಂಜಿನ್ನಿನ ತಲೆಯನ್ನೇ ಬಿಚ್ಚಿದರು. ಮುಚ್ಚಿದರು. ಮತ್ತೆ ಬಿಚ್ಚಿದರು. ಹಾಗೆ ಮೂರು ಸಲ.

"ಬೆರಳ ಆರ ಅಂತಾವು, ತಗಡ ಐದ ಅಂತೈತಿ," ಎಂದು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮರಳುವಾಗ, ಲೋಕಲ್ ಕುರ್ಲಾಕ್ಕೆ ಬಂದಿತ್ತು, ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ. ಚಿಂದಿ ಬಂತು. ಅತ್ತಿತ್ತ ತಿರುಗುತ್ತ ಲಾರಿಯ ಬಾಗಿಲು ಹಿಡಿದು ಕೈ ಗ್ರೀಸಾಗಿತ್ತು. ತಗಡಿನ ಮೇಲಿದ್ದುದನ್ನು ಎತ್ತಿ ಒರೆಸಿಕೊಂಡು, ಪರಿವೆಯಿಲ್ಲದೆ ಜೇಬಿಗಿಟ್ಟಿದ್ದೆ. ಇದನ್ನು ಗೆಳೆಯರಿಗೆ ಹೇಳುವಾಗ ಕಿಟಕಿಯ ಗಾಳಿ ಅದನ್ನು ಸೆಳೆದುಕೊಂಡಿತು ಎನ್ನುತ್ತಿದ್ದೆ. ಗಾಳಿ ಸೆಳೆಯಲಿಲ್ಲ. ನಾನೇ ಎಸೆದೆ.

ಮರುದಿನ ಹೇಳೋಣವೆಂದು ಹೋದರೆ, ಗ್ಯಾರೇಜಿನ ಮಾಲೀಕ ಶೇಟ್ ಮಿಸ್ತ್ರಿಯನ್ನು ಇಂಜಿನ್ ಬಿಡಿಸಿ ಟೈರುಗಳ ಮುಂದೆ ಕೂರಿಸಿದ್ದ. "ಶೇಟ್‌ಂದ ತಪ್ಪಿಲ್ಲ," ಎಂದರು ಮಿಸ್ತ್ರಿ. "ನಾನ ಕೇಳಿಕೊಂಡ್ನಿ. ಲೆಕ್ಕ ತಪ್ಪೂ ಕೈ ಇಂಜಿನ್ನಿನಾಗ ಹಾಕಬಾರ್ದು." ಹೇಳದೆಯೇ ಲೋಕಲ್ ಹಿಡಿದು ಮರಳಿದೆ.

ಹೇಳಲು ಎಷ್ಟು ತಿಂಗಳು ಬೇಕಾದವು? ಒಂದು ಮಳೆಗಾಲ ಕಳೆದಿತ್ತು, ಅಥವಾ ಎರಡು. ಅವರು ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಅದೇ ಕೊನೆಯ ಭೇಟಿಯೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಮಿಸ್ತ್ರಿ, ಆ ಚಿಂದಿ ನನ್ನ ಕಿಸೆದಾಗ ಇತ್ತು. ನಿಮ್ಮ ಬೆರಳ ತಪ್ಪಿರ್ಲಿಲ್ಲ."

ಪಂಪು ನಿಲ್ಲಿಸದೆ ಕೇಳಿದರು: "ಈಗ ಎಲ್ಲೈತಿ?"

"ಒಗದ್ನಿ. ಲೋಕಲ್‌ದಾಗಿಂದ."

ನಕ್ಕರು. "ಮುದುಕನ ಮನಸ್ಸಿಗೆ ಹಿತ ಆಗ್ಲಿ ಅಂತ ಇಷ್ಟ ದೂರ ಬಂದ್ರಿ. ಛಲೋ ಆತು."

"ಖರೇನ ಹೇಳ್ತೀನ್ರಿ."

"ಹೂಂ. ಖರೇನ."

ಆಮೇಲೆ, ನನ್ನ ಸುಳ್ಳನ್ನು ಮನ್ನಿಸಿದವರ ಹಾಗೆ, ನನಗೊಂದು ಚಹಾ ತರಿಸಿದರು.