ಅಕ್ಕೋರು ಶಾಲೆಯಲ್ಲೇ ಉಳಿದ ಮಳೆರಜೆ

ಮಳೆಯ ಕಾರಣ ಶಾಲೆಗೆ ರಜೆ ಎಂಬ ಸಂದೇಶ ಫೋನಿಗೆ ಬಂದಾಗ ನನಗೆ ಖುಷಿಯೇ ಆಗಿತ್ತು. ರೋಣದಿಂದ ಜಕ್ಕಲಿ ಕಡೆಗೆ ಹೋಗುವ ಹಾದಿಯ ಒಂದು ಸಣ್ಣ ಊರಿನ ಸರಕಾರಿ ಶಾಲೆಯಲ್ಲಿ ನಾನು ಶಿಕ್ಷಕಿ. ಶಾಲೆಗೆ ಹತ್ತಿರ ಅಂತ ಆ ಊರಿನಲ್ಲೇ ಹಳೆಯ ಮಣ್ಣಿನ ಮಾಳಿಗೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಇದ್ದವರು ನಾನು, ನನ್ನ ಅತ್ತೆ, ಮತ್ತು ಗಜೇಂದ್ರಗಡದ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ. ಹಳ್ಳ ಬಂದು ಬಸ್ಸು ನಿಂತಿದ್ದರಿಂದ ಅವರು ಹಿಂದಿನ ಸಂಜೆ ಗಜೇಂದ್ರಗಡದಲ್ಲೇ ಉಳಿದಿದ್ದರು. ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕೊಯ್ಯಬೇಕಾದ ಹೆಸರು ಹೊಲದಲ್ಲೇ ಮೊಳಕೆ ಒಡೆಯುತ್ತಿದೆ ಎಂದು ಓಣಿಯವರು ಮಾತಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಮಧ್ಯಾಹ್ನ ಬಿಸಿ ಮಿರ್ಚಿ ಮಾಡೋಣವೆಂದು ಎಣ್ಣೆ ಕಾಯಲು ಇಟ್ಟಿದ್ದೆ.

ಆಗ ಮಲಗುವ ಕೋಣೆಯಿಂದ ಅತ್ತೆ ಕೂಗಿದರು.

“ಲಗೂ ಹೊರಗ ನಡಿಯವಾ! ಗ್ವಾಡಿ ಬಾಯಿ ಬಿಟ್ಟೈತಿ!”

ಒಲೆ ಆರಿಸಿ, ಅವರ ರಟ್ಟೆ ಹಿಡಿದು ಅಂಗಳಕ್ಕೆ ಬರುವಷ್ಟರಲ್ಲಿ ಓಣಿಯ ಕಡೆಯ ಗೋಡೆ ಹಾಗೇ ಕುಸಿದು ಕೂತುಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅತ್ತೆಯ ಕೂಗಿಗೆ ಮಂದಿ ಓಡಿ ಬಂದರು. ನಮ್ಮ ಮಲಗುವ ಕೋಣೆ ಈಗ ಬೀದಿಗೆ ತೆರೆದುಕೊಂಡಿತ್ತು. ಒಣಗಲೆಂದು ಒಳಗೆ ಹಗ್ಗದ ಮೇಲೆ ಹರವಿದ್ದ ನನ್ನ ಒಳಬಟ್ಟೆಗಳು ಎಲ್ಲರಿಗೂ ಕಾಣುತ್ತಿದ್ದವು. ಮನೆ ಬಿದ್ದ ದುಃಖಕ್ಕಿಂತ ಮೊದಲು ನನಗೆ ಬಂದದ್ದು ನಾಚಿಕೆ.

ಪಂಚಾಯ್ತಿಯವರು ಬಂದು, ಮನೆ ಬಿದ್ದವರೆಲ್ಲ ಸದ್ಯಕ್ಕೆ ಶಾಲೆಗೆ ನಡೆಯಿರಿ ಎಂದರು. ಶಾಲೆಯ ಕೀಲಿಕೈ ಇದ್ದದ್ದೇ ನನ್ನ ಹತ್ತಿರ. ನಾಲ್ಕನೇ ತರಗತಿಯ ಬಾಗಿಲು ತೆಗೆದು, ಬೆಂಚುಗಳನ್ನು ಗೋಡೆಗೆ ಸರಿಸಿ, ಅತ್ತೆಗೆ ಒಂದು ಮೂಲೆಯಲ್ಲಿ ಹಾಸಿದೆ. ಅಷ್ಟರಲ್ಲೇ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಇನ್ನೊಂದು ಮನೆಯವರು ಬಂದರು. ಅದೇ ತರಗತಿಯ ನನ್ನ ವಿದ್ಯಾರ್ಥಿನಿ, ಮತ್ತು ಕೂಲಿಗೆ ಹೋಗುವ ಅವಳ ತಾಯಿ.

“ಅಯ್ಯ ಅಕ್ಕೋರ, ನೀವೂ ಬಂದ್ರೇನ್ರಿ?” ಎಂದಳು ತಾಯಿ. ಅವಳ ದನಿಯಲ್ಲಿ ಮರುಕವೇ ಇತ್ತು. ನನಗೆ ಅದನ್ನು ಕೇಳಲಾಗಲಿಲ್ಲ. ಬೆಂಚು ಎಳೆಯುವ ನೆಪ ಮಾಡಿ ಮುಖ ತಿರುಗಿಸಿದೆ.

ಸಂಜೆ ಮನೆ ಬೀಳದೆ ಉಳಿದವರು ಬುಟ್ಟಿಯಲ್ಲಿ ರೊಟ್ಟಿ, ಝುಣಕ ಕಳಿಸಿದರು. ಹುಡುಗಿಯ ತಾಯಿ ಒಂದು ತಾಟಿನಲ್ಲಿ ಹಾಕಿ ನನ್ನ ಮುಂದೆ ಹಿಡಿದಳು. ಹಸಿವಿಲ್ಲ ಎಂದೆ.

“ಏ, ತಾ ಇಲ್ಲೆ,” ಎಂದು ಅತ್ತೆ ತಾಟು ಇಸಿದುಕೊಂಡರು. “ಮುಂಜಾನಿಯಿಂದ ಏನೂ ತಿಂದಿಲ್ಲ ಈಕಿ. ಬಿಗುಮಾನ ಭಾಳ.”

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಡೆ ಬೆನ್ನು ಮಾಡಿ ಕುಳಿತು ತಿಂದೆ.

ಮರುದಿನ ಬೆಳಿಗ್ಗೆ ತಂಬಿಗೆ ಹಿಡಿದು ಶಾಲೆಯ ಶೌಚಾಲಯದ ಮುಂದೆ ನಿಂತೆ. ಆ ಶಾಲೆಗೆ ಬಂದು ವರ್ಷಗಳೇ ಆಗಿದ್ದರೂ ನಾನು ಅದರ ಒಳಗೆ ಕಾಲಿಟ್ಟವಳಲ್ಲ. ಬೇಕಾದಾಗ ಮನೆಗೆ ಹೋಗಿ ಬರುತ್ತಿದ್ದೆ. ಮುಂದೆ ನಾಲ್ಕಾರು ಹೆಂಗಸರು, ಎಲ್ಲರೂ ನಮ್ಮ ಶಾಲೆಯ ಮಕ್ಕಳ ತಾಯಂದಿರು. ಮಳೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಹುಡುಗಿ ತನ್ನ ಸರದಿ ಬಂದಾಗ ತಿರುಗಿ ಕೂಗಿದಳು.

“ಅಕ್ಕೋರ, ನೀವು ಮುಂದ ಹೋಗ್ರಿ.”

“ಬ್ಯಾಡವಾ, ನೀ ಹೋಗು.”

“ಹೋಗ್ರಿ. ಅದಕ್ಕ ಚಿಲಕ ಇಲ್ರಿ. ನಾ ಹೊರಗ ಹಿಡ್ಕೊಂಡ ನಿಂದರ್ತೀನಿ.”

ಹೆಂಗಸರು ದಾರಿ ಬಿಟ್ಟರು. ಒಳಗೆ ಕುಳಿತರೆ, ಬಾಗಿಲ ಅಂಚಿನಲ್ಲಿ ಅವಳ ನಾಲ್ಕು ಬೆರಳುಗಳು ಕಾಣುತ್ತಿದ್ದವು. ಯಾರೋ ಹತ್ತಿರ ಬಂದಿರಬೇಕು. “ಒಳಗ ಅಕ್ಕೋರ ಅದಾರ! ತಡೀರಿ!” ಎಂದು ಅವಳು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು. ಆ ಕ್ಷಣ ಈ ಗೋಡೆಯೂ ನನ್ನ ಮೇಲೆ ಬಿದ್ದುಬಿಡಲಿ ಅನ್ನಿಸಿತು.

ಹೊರಗೆ ಬಂದು ಮೆಲ್ಲಗೆ ಕೇಳಿದೆ, “ದಿನಾ ಹಿಂಗನಾ?”

“ಹೌದ್ರಿ. ಅದಕ್ಕ ನಾವು ಇಬ್ಬಿಬ್ರು ಹೋಗ್ತೀವಿ ಅಂತಿದ್ವಿ.”

ಅವಳು ದೂರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ಪಾಠದ ನಡುವೆ ಇಬ್ಬರು ಹುಡುಗಿಯರು ಒಟ್ಟಿಗೆ ಎದ್ದು ನಿಂತಾಗಲೆಲ್ಲ ‘ಒಬ್ಬಾಕಿ ಹೋಗು, ಸಾಕು’ ಎಂದು ಇನ್ನೊಬ್ಬಳನ್ನು ಕೂರಿಸಿದವಳು ನಾನೇ. ಹರಟೆಗೆ ಹೋಗುತ್ತಾರೆಂದು ತಿಳಿದಿದ್ದೆ. ಹೀಗೆ ಒಬ್ಬಳೇ ಹೋದವಳು ಒಳಗೆ ಹೇಗೆ ಕೂತಿರುತ್ತಿದ್ದಳೋ. ಕೆಲವರು ಹೋಗದೆಯೇ ಸಂಜೆಯವರೆಗೆ ತಡೆದುಕೊಂಡಿರಬೇಕು.

ಮಳೆ ನಿಂತ ಮೇಲೆ ಬಸ್ಸು ಬಂತು, ನನ್ನ ಗಂಡನೂ ಬಂದರು. ಅವರಿಂದ ಚಿಲಕ ತರಿಸಿದೆ. ಮಳೆಗೆ ಕೊಳೆತ ಚೌಕಟ್ಟಿಗೆ ಮೊಳೆ ಹಿಡಿಯಲಿಲ್ಲ. ಮುಖ್ಯಶಿಕ್ಷಕರಿಗೆ ಹೇಳಿದೆ. ಅವರು ಬಡಿಗೇರನನ್ನು ಕರೆಸಿ ಬಾಗಿಲನ್ನೇ ಬದಲಿಸಿದರು. ಎಷ್ಟು ಸುಲಭವಾಗಿ ಆಗುವ ಕೆಲಸವಾಗಿತ್ತು ಅದು ಎಂಬುದೇ ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಬೇರೆ ಊರುಗಳಲ್ಲಿ ಶಾಲೆ ಶುರುವಾದರೂ ಕೋಣೆಗಳಲ್ಲಿ ಸಂಸಾರಗಳಿದ್ದುದರಿಂದ ನಮ್ಮಲ್ಲಿ ತಡವಾಯಿತು. ಆ ತಾಯಿ ಮಗಳು ಬಿದ್ದ ಮನೆಗೇ ತಾಡಪತ್ರಿ ಕಟ್ಟಿಕೊಂಡು ಮರಳಿದರು. ನಮಗೆ ಬೇರೆ ಮನೆ ಸಿಕ್ಕಿರಲಿಲ್ಲ. ಶಾಲೆ ಶುರುವಾದ ಮೊದಲ ದಿನ ಅತ್ತೆ ಮೂಲೆಯಲ್ಲಿ ಹಾಸಿಗೆಯ ಮೇಲೆ ಕುಳಿತಿರುವಾಗಲೇ ನಾನು ಹಾಜರಿ ಕರೆದೆ. ಮಕ್ಕಳು ಒಬ್ಬರೂ ನಗಲಿಲ್ಲ.

ಕೊನೆಗೆ ರೋಣದಲ್ಲಿ ಎರಡು ಕೋಣೆ ಸಿಕ್ಕವು. ಸಾಮಾನು ಟಂಟಂ ಗಾಡಿಗೆ ಹೇರುವಾಗ ಆ ತಾಯಿ ತಾನಾಗಿಯೇ ಬಂದು ಅತ್ತೆಯ ಹಾಸಿಗೆ ಹೊತ್ತಳು. ನನಗೆ ಹೇಳಬೇಕಾದದ್ದು ಬಹಳ ಇತ್ತು. ಬಾಯಿಂದ ಬಂದದ್ದು, “ಮಗಳನ್ನ ಸಾಲಿ ಬಿಡಿಸಬ್ಯಾಡವಾ.”

ಆಕೆ ನಕ್ಕಳು. “ನಾ ಯಾಕ ಬಿಡಸ್ಲಿರಿ, ಅಕ್ಕೋರ?”

ಟಂಟಂ ಹೊರಟಿತು. ಆಗಲೂ ನನಗೆ ಉಪದೇಶ ಮಾಡುವುದು ಬಿಟ್ಟು ಬೇರೆ ಮಾತು ಬರಲಿಲ್ಲವಲ್ಲ ಎಂದು ರೋಣ ಮುಟ್ಟುವವರೆಗೂ ತಲೆ ಎತ್ತಲಾಗಲಿಲ್ಲ.