ಶನಿವಾರದ ಹಿಟ್ಟು

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಚಳಿಗಾಲದಲ್ಲಿ ದೋಸೆ ಹಿಟ್ಟು ಸುಲಭಕ್ಕೆ ಹುಳಿ ಬರುವುದಿಲ್ಲ. ನಾನು ಓದಲು ಬಂದ ಮೊದಲ ವರ್ಷ, ರಿಕ್ಕರ್ಟನ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ: ಬಿಸಿನೀರಿನ ಸಿಲಿಂಡರ್ ಇಟ್ಟಿದ್ದ ಕಪಾಟು. ಅದರ ಹಲಗೆಗಳ ಮೇಲೆ ಎಲ್ಲರೂ ಟವೆಲು ಒಣಗಿಸುತ್ತಿದ್ದೆವು. ಮೇಲಿನ ಹಲಗೆಯಲ್ಲಿ ಹಿಟ್ಟಿನ ಪಾತ್ರೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ, ಮನೆ ಹಂಚಿಕೊಂಡಿದ್ದ ಹುಡುಗಿಯ ಬಿಳಿ ಟವೆಲುಗಳ ಮೇಲೆಲ್ಲ ಇಳಿದಿತ್ತು. ಅವಳು ಬೈಯಲಿಲ್ಲ. ಇದಕ್ಕೆ ಜೀವ ಇದೆಯೇ ಎಂದು ಕೇಳಿದಳು, ಅಷ್ಟೇ.

ಕನ್ನಡದವರು ಸೇರಿದ್ದ ಒಂದು ಊಟದಲ್ಲಿ ಪಕ್ಕದಲ್ಲಿ ಕುಳಿತಿದ್ದ ಆಂಟಿಗೆ ಇದನ್ನು ಹೇಳಿದೆ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರು. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದ ಮೇಲೆ ಮನೆಯಲ್ಲೇ ಇದ್ದರು.

"ಟವೆಲ್ ಮೇಲೆ ದೋಸೆ ಹುಯ್ದ್ಯೇನೇ? ಶನಿವಾರ ಡಬ್ಬಿ ತಗೊಂಡು ನಮ್ಮನೆಗೆ ಬಾ" ಎಂದರು.

ಹಾಗೆ ಶುರುವಾಯಿತು. ನಾನು ಹೋದಾಗ ಅವರ ಅಡುಗೆಮನೆಯ ಕಿಟಕಿ ಹಬೆಯಿಂದ ಮಸುಕಾಗಿರುತ್ತಿತ್ತು. ಹಿಟ್ಟು ತುಂಬಿಸುವ ಮೊದಲು ಒಂದು ದೋಸೆ ಹುಯ್ದು ನನ್ನ ಮುಂದಿಡುತ್ತಿದ್ದರು, ಉಪ್ಪು ನೋಡಲು. ಅವರ ನಾಲಿಗೆಗಿಂತ ನನ್ನದನ್ನೇ ಅವರು ನಂಬುತ್ತಿದ್ದರು. ಮಗಳು ಕೋಣೆಯಿಂದ ಇಂಗ್ಲಿಷಿನಲ್ಲಿ ಏನೋ ಕೂಗುವಳು, ಇವರು ಕನ್ನಡದಲ್ಲಿ ಗದರುವರು. ನಾನು ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದೆ. ವಾರವಿಡೀ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡು ಮಾತಾಡುತ್ತಿದ್ದ ನನಗೆ, ಏನನ್ನೂ ಹೇಳದೆ ಇರಬಹುದಾದ ಜಾಗ ಅದೊಂದೇ ಆಗಿತ್ತು.

ನನ್ನಿಂದ ಕೇಳಿ ಇನ್ನಿಬ್ಬರು ವಿದ್ಯಾರ್ಥಿಗಳು ಬಂದರು. ಅವರಿಂದ ಕೇಳಿ ಸಂಸಾರಸ್ಥರು, ದುಡ್ಡು ಕೊಟ್ಟು ಕೊಳ್ಳಲು. ಆಂಟಿ ಊರಿನಿಂದ ದೊಡ್ಡ ಗ್ರೈಂಡರ್ ತರಿಸಿದರು. ಒಂದು ಶನಿವಾರ, ಇಡ್ಲಿ ಹಿಟ್ಟನ್ನೂ ಬೇರೆಯಾಗಿ ಮಾಡಿದರೆ ಜನ ಕೊಳ್ಳುತ್ತಾರೆಯೇ ಎಂದು ಕೇಳಿದರು. ಖಂಡಿತ ಕೊಳ್ಳುತ್ತಾರೆ ಎಂದೆ. ಅಷ್ಟು ದಿನದಲ್ಲಿ ಅವರು ಅಷ್ಟು ಹುರುಪಿನಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಇಂಡಿಯನ್ ಅಂಗಡಿಯೊಂದರವರೂ ಹಿಟ್ಟು ಕೇಳಿದರು. ಆದರೆ ಮನೆಯ ಅಡುಗೆಮನೆಯಲ್ಲಿ ಮಾಡಿದ್ದನ್ನು ಅಂಗಡಿಗೆ ಕೊಡುವಂತಿರಲಿಲ್ಲ. ನಗರದ ಕೌನ್ಸಿಲ್ ಒಪ್ಪಿದ ಅಡುಗೆಮನೆಯೇ ಬೇಕು. ಒಂದು ಸಮುದಾಯ ಭವನದ ಅಡುಗೆಮನೆಯನ್ನು ವಾರಕ್ಕೆ ಎರಡು ದಿನ ಬಾಡಿಗೆಗೆ ಹಿಡಿದರು. ಆ ಸುದ್ದಿಯನ್ನು ನನಗೇ ಮೊದಲು ಹೇಳಿದ್ದು.

"ಇನ್ಮೇಲೆ ನಿಂಗೆ ಇಷ್ಟು ದೂರ ಬರೋ ತಾಪತ್ರಯ ಇಲ್ಲಮ್ಮ. ಮಾಲ್ ಹತ್ರ ಇಂಡಿಯನ್ ಅಂಗಡೀಲೇ ಸಿಗತ್ತೆ, ದಿನಾ."

ತುಂಬ ಒಳ್ಳೆಯದಾಯಿತು ಆಂಟಿ ಎಂದೆ. ನಿಜವಾಗಿಯೂ ಒಳ್ಳೆಯದೇ ಆಗಿತ್ತು. ಹಿಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೊಸರಿನ ಪಕ್ಕ, ಫ್ರಿಜ್ಜಿನಲ್ಲಿರುತ್ತಿತ್ತು. ಬೇಕಾದಾಗ ಹೋಗಿ ತರುತ್ತಿದ್ದೆ. ಉಪ್ಪು ಎಂದೂ ಹೆಚ್ಚುಕಡಿಮೆಯಾಗಿರಲಿಲ್ಲ.

ಶನಿವಾರಗಳು ಮಾತ್ರ ಉದ್ದವಾದವು. ಹೋಗಬಹುದಿತ್ತು, ಬೇಡ ಎಂದವರು ಯಾರೂ ಇಲ್ಲ. ಆದರೆ ಕೆಲಸವಿಲ್ಲದೆ ಒಬ್ಬರ ಮನೆ ಬಾಗಿಲು ತಟ್ಟುವುದು ನನಗೆ ಬರುತ್ತಿರಲಿಲ್ಲ. ಲೈಬ್ರರಿಯಲ್ಲಿ ಕುಳಿತು, ಈಗ ಅವರು ಕಾವಲಿ ಇಟ್ಟಿರಬಹುದು ಎಂದುಕೊಳ್ಳುತ್ತಿದ್ದೆ.

ವಸಂತ ಬಂದ ಮೇಲೆ ಒಂದು ಶನಿವಾರ ಹೋದೆ. ಖಾಲಿ ಕೈಯಲ್ಲಿ ಹೋಗಲಾಗದೆ ಹಳೆಯ ಡಬ್ಬಿಯನ್ನು ಹಿಡಿದುಕೊಂಡಿದ್ದೆ. ಆಂಟಿ ಭವನಕ್ಕೆ ಹೊರಟು ಕಾರಿಗೆ ಅಕ್ಕಿ ಚೀಲ ತುಂಬಿಸುತ್ತಿದ್ದರು. ಡಬ್ಬಿಯನ್ನು ನೋಡಿದರು, ನನ್ನ ಮುಖ ನೋಡಿದರು. ಅವರ ದನಿ ತಗ್ಗಿತು.

"ಅಂಗಡೀಲಿ ರೇಟ್ ಜಾಸ್ತಿ ಆಯ್ತೇನಮ್ಮ? ಹೇಳಕ್ಕೆ ಸಂಕೋಚ ಯಾಕೆ? ಸ್ಟೂಡೆಂಟ್ ಅಲ್ವಾ ನೀನು."

ಹಾಗಲ್ಲ ಎಂದೆ. ಮತ್ತೆ ಹೇಗೆ ಎಂದು ಅವರು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ಒಳಗೆ ಹೋಗಿ, ಅಂಗಡಿಗೆಂದು ಇಟ್ಟಿದ್ದರಲ್ಲಿ ಎರಡು ಡಬ್ಬಿ ತಂದು ನನ್ನ ಚೀಲದಲ್ಲಿ ಹಾಕಿದರು. ದುಡ್ಡಿನ ಮಾತೆತ್ತಿದರೆ ಗದರಿದರು, ಮಗಳಿಗೆ ಗದರುವ ಹಾಗೆಯೇ. ನಂತರ ಗಡಿಯಾರ ನೋಡಿಕೊಂಡು ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಅವರ ಗೇಟಿನ ಬಳಿಯೇ ನಿಂತಿದ್ದೆ. ಇನ್ನು ಮತ್ತೆ ಬಂದರೆ ಪುಕ್ಕಟೆ ಹಿಟ್ಟಿಗಾಗಿಯೇ ಬಂದಳು ಎಂದುಕೊಳ್ಳುತ್ತಾರೆ. ಎರಡು ಡಬ್ಬಿಯ ಭಾರಕ್ಕೆ ಚೀಲದ ಹಿಡಿ ಬೆರಳನ್ನು ಕೊರೆಯುತ್ತಿತ್ತು. ಕೈ ಬದಲಾಯಿಸಿಕೊಂಡು ಮನೆಗೆ ನಡೆದೆ.